ಎಪ್ಪತ್ತೆಂದರೆ ಎಪ್ಪತ್ತೇ

ಲಿನಕ್ಸ್‌ನಲ್ಲಿ ಆಟಗಳ ಮಾತು ಬಂದರೆ ಈಗ ಎಲ್ಲರ ಬಾಯಲ್ಲೂ ಪ್ರೋಟಾನ್, ಸ್ಟೀಮ್ ಡೆಕ್. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಹೊರತಂದ ಮೇಲೆ ವಿಂಡೋಸ್‌ಗೆಂದು ಬರೆದ ಸಾವಿರಾರು ಆಟಗಳು ಇಲ್ಲೂ ಓಡುತ್ತಿವೆ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಬೇಸರವಿರುವುದು ನಮ್ಮ ವಿಮರ್ಶೆಯ ಬಗ್ಗೆ. ಬೇರೆಡೆಯ ಆಟ ಇಲ್ಲಿ ಎಷ್ಟು ಚೆನ್ನಾಗಿ ಓಡುತ್ತದೆ ಎಂಬುದೊಂದೇ ಅಳತೆಗೋಲಾಗಿಬಿಟ್ಟು, ಮುಕ್ತ ತಂತ್ರಾಂಶದವರು ತಾವೇ ಕಟ್ಟಿದ ಆಟಗಳಲ್ಲಿ ಏನಿದೆ ಎಂದು ಕೂತು ನೋಡುವ ಅಭ್ಯಾಸವೇ ತಪ್ಪಿಹೋಗಿದೆ. ಇದರಿಂದ ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿರುವುದು ‘ದಿ ಬ್ಯಾಟಲ್ ಫಾರ್ ವೆಸ್‌ನಾತ್’ ಆಟಕ್ಕೆ.

ಡೇವಿಡ್ ವೈಟ್ 2003ರಲ್ಲಿ ಶುರುಮಾಡಿದ ಈ ಆಟದ ಚರಿತ್ರೆ ಲಿನಕ್ಸ್ ಬಳಸುವವರಿಗೆ ಹೊಸದಲ್ಲ. ಸೆಗಾ ಕಾಲದ ‘ಮಾಸ್ಟರ್ ಆಫ್ ಮಾನ್ಸ್ಟರ್ಸ್’, ‘ವಾರ್‌ಸಾಂಗ್’ಗಳ ಪ್ರೇರಣೆ, ಜಿಪಿಎಲ್ ಪರವಾನಗಿ, 2005ರಲ್ಲಿ 1.0, 2018ರಲ್ಲಿ 1.14ರ ಜೊತೆಗೆ ಸ್ಟೀಮ್‌ಗೂ ಪ್ರವೇಶ. ಇದರ ಬಗ್ಗೆ ವರ್ಷಗಳಿಂದ ಎರಡೇ ಮಾತು ಚಲಾವಣೆಯಲ್ಲಿವೆ. ‘ಪುಕ್ಕಟೆ ಸಿಗುವ ಆಟಕ್ಕೆ ಬಹಳ ಚೆನ್ನಾಗಿದೆ’ ಎಂಬುದು ಒಂದು. ‘ಚೆನ್ನಾಗಿದೆ, ಆದರೆ ಎಲ್ಲ ಅದೃಷ್ಟದ ಮೇಲೆ ನಿಂತಿದೆ’ ಎಂಬುದು ಇನ್ನೊಂದು. ಮೊದಲನೆಯದನ್ನು ಆಟ ಆಡದೆಯೂ ಹೇಳಬಹುದು. ಎರಡನೆಯದು ಆಡಿ ಸೋತವರ ಮಾತು. ಹಾಗಾಗಿ ಅದರೊಂದಿಗೆ ಜಗಳವಾಡುವುದರಲ್ಲಿ ಅರ್ಥವಿದೆ.

ಷಟ್ಕೋನದ ಮನೆಗಳ ಭೂಪಟ, ಸರದಿಯ ಆಟ. ಹೊಡೆತ ತಾಗುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಹೊಡೆಸಿಕೊಳ್ಳುವವನು ನಿಂತ ನೆಲ. ಒಂದೆರಡು ವಿಶೇಷ ವಿದ್ಯೆಗಳನ್ನು ಬಿಟ್ಟರೆ, ಹೊಡೆಯುವವನ ದರ್ಜೆಯಾಗಲಿ ಅನುಭವವಾಗಲಿ ಆ ಲೆಕ್ಕವನ್ನು ಅಲುಗಿಸುವುದಿಲ್ಲ. ಬಯಲಲ್ಲಿ ನಿಂತ ಮನುಷ್ಯ ಸೈನಿಕನಿಗೆ ಪೆಟ್ಟು ತಾಗುವ ಸಾಧ್ಯತೆ ಶೇ. 60, ಕೋಟೆಯ ಮನೆಯಲ್ಲಿ ಶೇ. 40, ತೆಳುನೀರಿಗೆ ಇಳಿದರೆ ಶೇ. 80. ಬೆಟ್ಟದ ಮೇಲೆ ನಿಂತ ಕುಬ್ಜನಿಗೆ ಶೇ. 30 ಮಾತ್ರ. ಮಾಂತ್ರಿಕರ ಬೆಂಕಿ ಯಾವ ನೆಲವನ್ನೂ ಲೆಕ್ಕಿಸದೆ ಶೇ. 70. ಇದರ ಮೇಲೆ ಹೊತ್ತಿನ ಲೆಕ್ಕ ಬೇರೆ. ಆರು ಸರದಿಗೆ ಒಂದು ದಿನ ಮುಗಿಯುತ್ತದೆ. ಹಗಲಲ್ಲಿ ಮನುಷ್ಯ ಸೈನಿಕರ ಪೆಟ್ಟು ಕಾಲುಭಾಗ ಜಾಸ್ತಿ, ರಾತ್ರಿ ಕಾಲುಭಾಗ ಕಮ್ಮಿ. ಓರ್ಕ್‌ಗಳಿಗೆ ಇದು ತಿರುವುಮುರುವು.

ಒಂದು ಕಾಳಗವನ್ನೇ ಹತ್ತಿರದಿಂದ ನೋಡೋಣ. ಆಟದ ಅತಿ ಸಾಮಾನ್ಯ ಈಟಿಗಾರ, ಅಷ್ಟೇ ಸಾಮಾನ್ಯ ಓರ್ಕ್ ಗ್ರಂಟ್. ಈಟಿಗಾರನದು 7 ಪೆಟ್ಟಿನ ಮೂರು ಹೊಡೆತ, ಗ್ರಂಟ್‌ನದು 9 ಪೆಟ್ಟಿನ ಎರಡು. ರಾತ್ರಿ ಹೊತ್ತು, ಇಬ್ಬರೂ ಬಯಲಲ್ಲಿ. ಗ್ರಂಟ್‌ನ ಪೆಟ್ಟು 11ಕ್ಕೆ ಏರಿದೆ, ಈಟಿಗಾರನದು 5ಕ್ಕೆ ಇಳಿದಿದೆ. ಸರಾಸರಿ ಹಿಡಿದರೆ ನಮ್ಮವನು ತಿನ್ನುವುದು 13.2, ಕೊಡುವುದು 9. ಅದೇ ಈಟಿಗಾರ ಒಂದು ಮನೆ ಹಿಂದೆ ಸರಿದು ಕೋಟೆಯೊಳಗೆ ನಿಂತಿದ್ದರೆ ತಿನ್ನುವುದು 8.8. ಕೊಡುವುದು ಅಷ್ಟೇ, 9. ರಾತ್ರಿಯಲ್ಲೂ ಸಮಸಮ. ಇನ್ನು ಹಗಲಾಗುವವರೆಗೆ ಕಾದಿದ್ದರೆ ಕೋಟೆಯಲ್ಲಿ ತಿನ್ನುವುದು 5.6, ಕೊಡುವುದು 16.2. ಅದೇ ಇಬ್ಬರು, ಅದೇ ಆಯುಧ, ಅದೇ ದಾಳ. ಜಾಗ ಮತ್ತು ಹೊತ್ತು ಬದಲಾದದ್ದಕ್ಕೆ ಸೋಲು ಗೆಲುವಾಯಿತು. ಎರಡು ಹೊಡೆತವೂ ತಾಗಿ, ಮೊದಲೇ ಗಾಯಗೊಂಡಿದ್ದ ಈಟಿಗಾರ ಬಿದ್ದ ಕ್ಷಣದಲ್ಲಿ ‘ಹಾಳು ದಾಳ’ ಎಂದು ಶಪಿಸುವ ಆಟಗಾರ ಮುಸ್ಸಂಜೆಯಲ್ಲಿ ಅವನನ್ನು ಬಯಲಿಗೆ ಅಟ್ಟಿದ್ದು ತಾನೇ ಎಂಬುದನ್ನು ಮರೆತಿರುತ್ತಾನೆ.

ಕೋಟೆಯಲ್ಲಿದ್ದರೂ ಎರಡೂ ತಾಗುವ ಸಾಧ್ಯತೆ ಶೇ. 16 ಇದೆ. ಇದು ಸಣ್ಣ ಸಂಖ್ಯೆಯಲ್ಲ. ಹತ್ತು ಈಟಿಗಾರರ ಸಾಲು ನಿಂತಿದ್ದರೆ ಸರಾಸರಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಹಾಗಾಗುತ್ತದೆಂದು ಗೊತ್ತಿರುವವನು ಹಿಂದೆ ಇನ್ನೊಂದು ಸಾಲು ಇಡುತ್ತಾನೆ. ವೆಸ್‌ನಾತ್ ಕಲಿಸುವ ಯುದ್ಧತಂತ್ರದ ತಿರುಳೇ ಈ ಎರಡನೇ ಸಾಲು.

ಇಲ್ಲಿ ಇನ್ನೊಂದು ಬಗೆಯ ವಿಮರ್ಶಕರು ಎದುರಾಗುತ್ತಾರೆ. ‘ಇಂಟು ದಿ ಬ್ರೀಚ್’ 2018ರಲ್ಲಿ ಬಂತು, 2020ರಲ್ಲಿ ಲಿನಕ್ಸ್‌ಗೂ ಬಂತು. ಶತ್ರು ಮುಂದೆ ಎಲ್ಲಿ ಹೊಡೆಯುತ್ತಾನೆಂದು ಮೊದಲೇ ತೋರಿಸುವ, ನಮ್ಮ ಹೊಡೆತ ಗುರಿ ತಪ್ಪದ ಆಟ. ಅದಕ್ಕೆ ಸಿಕ್ಕ ಹೊಗಳಿಕೆಯಲ್ಲಿ ಅನ್ಯಾಯವೇನಿಲ್ಲ. ಆದರೆ ಅದರಿಂದ ಹುಟ್ಟಿದ ಸಿದ್ಧಾಂತ ತಪ್ಪು. ಹೊಡೆತದಲ್ಲಿ ಅನಿಶ್ಚಿತತೆ ಇರುವುದೇ ಹಳೇ ಕಾಲದ ದೋಷ, ಬುದ್ಧಿವಂತ ಆಟಗಳು ಅದನ್ನು ದಾಟಿ ಬಂದಿವೆ ಎನ್ನುವುದು ಅದರ ಸಾರ. ಚೌಕಾಬಾರ ಆಡಿದವರಿಗೆ ವಿಷಯ ಬೇಗ ತಿಳಿಯುತ್ತದೆ. ಅಲ್ಲಿ ಮೊದಲು ಗರ ಬೀಳುತ್ತದೆ, ಆಮೇಲೆ ಯಾವ ಕಾಯಿ ನಡೆಸುವುದೆಂದು ಯೋಚಿಸುತ್ತೇವೆ. ವೆಸ್‌ನಾತ್‌ನಲ್ಲಿ ಮೊದಲು ಕಾಯಿ ನಡೆಸಬೇಕು, ಗರ ಬೀಳುವುದು ಆಮೇಲೆ. ಫಲ ಕಾಣುವ ಮೊದಲೇ ಜನರನ್ನು ಒಂದು ಜಾಗದಲ್ಲಿ ನಿಲ್ಲಿಸಿ ಅದಕ್ಕೆ ಹೊಣೆಯಾಗಬೇಕು. ‘ಇಂಟು ದಿ ಬ್ರೀಚ್’ ಒಡ್ಡುವುದು ಒಗಟನ್ನು, ಬಹಳ ಸೊಗಸಾದ ಒಗಟನ್ನು. ಒಗಟಿಗೆ ಎರಡನೇ ಸಾಲು ಬೇಕಿಲ್ಲ. ಸೇನೆಗೆ ಬೇಕು. ಒಂದರ ನಿಯಮ ಹಿಡಿದು ಇನ್ನೊಂದನ್ನು ಅಳೆಯುವುದು ವಿಮರ್ಶೆಯ ಸೋಮಾರಿತನ.

ಈ ಜಗಳದಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ: ಪರದೆಯ ಮೇಲೆ ತೋರಿಸುವ ಸಂಖ್ಯೆ ನಿಜವೇ? ನಿಂಟೆಂಡೊದ ‘ಫೈರ್ ಎಂಬ್ಲಮ್’ ಸರಣಿ 2002ರ ‘ದಿ ಬೈಂಡಿಂಗ್ ಬ್ಲೇಡ್’ನಿಂದ ಹಲವು ಕಂತುಗಳಲ್ಲಿ ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿ ತೆಗೆಯುತ್ತದೆ. ಪರದೆಯಲ್ಲಿ ಶೇ. 70 ಎಂದಿದ್ದರೆ ಒಳಗೆ ಸುಮಾರು 82, ಶೇ. 30 ಎಂದಿದ್ದರೆ ಸುಮಾರು 18. ‘ಎಕ್ಸ್‌ಕಾಮ್ 2’ ತನ್ನ ಸುಲಭ ಮಟ್ಟಗಳಲ್ಲಿ, ಆಟಗಾರ ಸತತವಾಗಿ ಗುರಿ ತಪ್ಪಿದರೆ, ಗುಟ್ಟಾಗಿ ಅವನ ಕಡೆಗೆ ತಕ್ಕಡಿ ವಾಲಿಸುತ್ತದೆ. ಶೇ. 90 ಎಂದರೆ ‘ಖಂಡಿತ’ ಎಂದು ಭಾವಿಸುವ ನಮ್ಮ ಮನಸ್ಸಿಗೆ ನೋವಾಗದಿರಲೆಂದು ಹೇಳುವ ಸುಳ್ಳುಗಳಿವು. ಇಂಥ ಸುಳ್ಳಿಗೆ ಒಗ್ಗಿಹೋದ ಆಟಗಾರ ವೆಸ್‌ನಾತ್‌ಗೆ ಬಂದಾಗ ಅಲ್ಲಿನ ನಿಜವೇ ಅವನಿಗೆ ಮೋಸದಂತೆ ಕಾಣುತ್ತದೆ.

ವೆಸ್‌ನಾತ್‌ನಲ್ಲಿ ಎಪ್ಪತ್ತೆಂದರೆ ಎಪ್ಪತ್ತೇ. ಕಂಪ್ಯೂಟರ್ ಆಡಿಸುವ ಶತ್ರುವಿಗೂ ಅದೇ ಎಪ್ಪತ್ತು. ದಾಳಿಗೆ ಮುಂಚೆ ಒಂದು ಗುಂಡಿ ಒತ್ತಿದರೆ ಯಾರು ಎಷ್ಟು ಜೀವದೊಂದಿಗೆ ಉಳಿಯುವ ಸಾಧ್ಯತೆ ಎಷ್ಟೆಷ್ಟು ಎಂಬ ಪಟ್ಟಿ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಅಂಕಿಅಂಶದ ಇನ್ನೊಂದು ಕಿಟಕಿಯಲ್ಲಿ ಸರಾಸರಿಯಂತೆ ತಾಗಬೇಕಿದ್ದ ಪೆಟ್ಟು, ನಿಜಕ್ಕೂ ತಾಗಿದ ಪೆಟ್ಟು ಎರಡೂ ಅಕ್ಕಪಕ್ಕ ಇರುತ್ತವೆ. ತನ್ನ ದುರದೃಷ್ಟದ ದೂರನ್ನು ಆಟಗಾರ ಅಲ್ಲೇ ತಾಳೆ ನೋಡಬಹುದು. ಅಷ್ಟಕ್ಕೂ ನಂಬಿಕೆ ಬರದಿದ್ದರೆ ಸಿ++ನಲ್ಲಿ ಬರೆದ ಮೂಲ ಸಂಕೇತವೇ ತೆರೆದಿದೆ, ದಾಳ ಉರುಳುವ ಸಾಲುಗಳನ್ನು ಯಾರಾದರೂ ಓದಬಹುದು. ಮುಕ್ತ ತಂತ್ರಾಂಶದ ತತ್ವ ಬಹುತೇಕ ಆಟಗಳಲ್ಲಿ ಪರವಾನಗಿಯ ಕಡತದಲ್ಲೇ ಉಳಿದುಬಿಡುತ್ತದೆ. ಇಲ್ಲಿ ಅದು ಆಡುವ ಮನೆಗಳವರೆಗೂ ಇಳಿದು ಬಂದಿದೆ. ‘ಪುಕ್ಕಟೆಗೆ ಚೆನ್ನಾಗಿದೆ’ ಎನ್ನುವವರು ನೋಡದೆ ಹೋದದ್ದು ಇದನ್ನೇ. ಸ್ವತಂತ್ರ ಮತ್ತು ಮುಕ್ತ ಆಟಗಳ ಸಾಲಿನಲ್ಲಿ ನಾನು ವೆಸ್‌ನಾತ್‌ಗೆ ಮೊದಲ ಸ್ಥಾನ ಕೊಡುವುದೂ ಇದಕ್ಕಾಗಿಯೇ.

ಕುಂದುಗಳಿಲ್ಲವೆಂದಲ್ಲ. ಕಥಾಸರಣಿಗಳ ಬರವಣಿಗೆ ಏರುಪೇರು. ‘ಏರ್ ಟು ದಿ ಥ್ರೋನ್’ನ ರಾಜಕುಮಾರ ಕೊನ್ರಾಡ್, ಮುದಿ ಮಾಂತ್ರಿಕ ಡೆಲ್ಫಡಾರ್ ಇಬ್ಬರೂ ಟಾಲ್ಕಿನ್ ನೆರಳಿನಿಂದ ಆಚೆ ಬರುವುದೇ ಇಲ್ಲ. ಆದರೆ ಗಂಭೀರವಾದ ದೋಷ ಇರುವುದು ಬೇರೆ ಕಡೆ. ಒಂದು ಅಧ್ಯಾಯದಲ್ಲಿ ಬದುಕುಳಿದು ಅನುಭವ ಗಳಿಸಿದವರನ್ನು ಮುಂದಿನದರಲ್ಲಿ ಮತ್ತೆ ಕರೆಸಿಕೊಳ್ಳಬಹುದು, ಸತ್ತವರು ಸತ್ತಂತೆಯೇ. ಇದೇ ಆಟಕ್ಕೆ ಭಾರ ತಂದುಕೊಟ್ಟಿರುವುದು, ನಿಜ. ಆದರೆ ಮೂರನೇ ಅಧ್ಯಾಯದಲ್ಲಿ ನಾಲ್ಕು ಹಳಬರನ್ನು ಕಳೆದುಕೊಂಡು ಗೆದ್ದವನಿಗೆ ಆಟ ‘ಗೆದ್ದೆ’ ಎಂದೇ ಹೇಳುತ್ತದೆ. ಆ ಗೆಲುವಿನಿಂದಲೇ ಎಷ್ಟೋ ಅಧ್ಯಾಯಗಳ ಆಚೆ ತನಗೆ ದಾರಿ ಮುಚ್ಚಿಹೋಗಿದೆ ಎಂಬುದು ಅವನಿಗೆ ತಿಳಿಯುವುದು ಅಲ್ಲಿಗೆ ಹೋಗಿ ನಿಂತಾಗ. ಪ್ರತಿ ಹೊಡೆತದ ಸಾಧ್ಯತೆಯನ್ನೂ ಮುಂಚಿತವಾಗಿ ಮುಂದಿಡುವ ಆಟ ಈ ಒಂದು ಲೆಕ್ಕವನ್ನು ಮಾತ್ರ ಮುಚ್ಚಿಟ್ಟುಕೊಂಡಿದೆ. ದಾಳವನ್ನು ಬೈಯುತ್ತ ಕೂತ ವಿಮರ್ಶಕರು ಇದನ್ನು ಪ್ರಶ್ನಿಸಿದ್ದರೆ ಆಟ ಕಟ್ಟಿದವರು ಕಿವಿಗೊಡುತ್ತಿದ್ದರೇನೋ. ಈಗಲೂ ಕಾಲ ಮಿಂಚಿಲ್ಲ. ಅಧ್ಯಾಯ ಮುಗಿದಾಗ ಬರುವ ಪರದೆಯಲ್ಲಿ, ಉಳಿಸಿಕೊಂಡ ಚಿನ್ನದ ಲೆಕ್ಕದ ಪಕ್ಕದಲ್ಲಿ, ಮುಂದಿನ ದಾರಿಗೆ ಎಷ್ಟು ಮಂದಿ ಹಳಬರು ಬೇಕಾದಾರು ಎಂಬ ಒಂದು ಸಾಲು ಸೇರಿಸಲಿ.