ಸಿಟ್ಟಿನ ಬುಡದಾಗ ಅಳು

ಸೂಪರ್‌ಹೀರೋ ಚಿತ್ರಕಥೆ ಅಂದರ ಬರೀ ಹೊಡೆದಾಟ, ಹುಡುಗರನ್ನ ಕೆಡಿಸತಾವ ಅಂತ ನಮ್ಮ ಕಡೆ ಹೇಳೋರು ಭಾಳ. ಮೊಮ್ಮಗನ ಕಡೆಯಿಂದ ಅರ್ಥ ಹೇಳಿಸಿಕೊಂಡು ನಾನೂ ಎರಡು ಕಥೆ ನೋಡಿದೆ. ಎರಡರ ಬುಡದಾಗೂ ಇರೋದು ಸಾವು.

ಅಮೆರಿಕದ ಬ್ಯಾಟ್‌ಮನ್ ಹುಟ್ಟಿದ್ದು 1939ರಲ್ಲಿ. ಕಳ್ಳನೊಬ್ಬ ಸರಕ್ಕ ಕೈ ಹಾಕಿ, ಮಗನ ಕಣ್ಣ ಮುಂದನ ತಂದಿ-ತಾಯಿನ್ನ ಗುಂಡಿಟ್ಟು ಕೊಲ್ಲತಾನ. ಹುಡುಗನ ಅಳು ಮುಗಿಯೋದರೊಳಗ, ಜನ್ಮಪೂರ್ತಿ ಕೇಡಿಗರ ಮ್ಯಾಲ ಸೇಡು ತೀರಿಸತೇನಿ ಅಂತ ಮೊಣಕಾಲೂರಿ ಆಣೆ ಮಾಡತಾನ. ಅಳುವಿಗೆ ಒಂದೆರಡು ಚಿತ್ರ, ಸಿಟ್ಟಿಗೆ 80 ವರ್ಷಕ್ಕೂ ಹೆಚ್ಚು!

1962ರ ಸ್ಪೈಡರ್‌ಮ್ಯಾನ್ ಕಥೆ ಸ್ಟ್ಯಾನ್ ಲೀ ಬರೆದದ್ದು, ಸ್ಟೀವ್ ಡಿಟ್ಕೊ ಚಿತ್ರ ತೆಗೆದದ್ದು. 11 ಪುಟ ಅಷ್ಟ. ಸಾಕಿದ ಕಾಕಾನ್ನ ಕೊಂದವನ್ನ ಪೀಟರ್ ಸಿಟ್ಟಿಲೆ ಬೆನ್ನಟ್ಟಿ ಹಿಡಿಯತಾನ. ಮುಖ ನೋಡಿದರ, ಹಿಂದೊಮ್ಮೆ 'ನನಗ್ಯಾಕ' ಅಂತ ತಾನೇ ಓಡಿಹೋಗಲಿಕ್ಕೆ ಬಿಟ್ಟ ಕಳ್ಳ! ಸಿಟ್ಟು ತಿರುಗಿ ಅವನ ಎದಿಗೇ ಬಡೀತದ. ಕಡೀ ಚಿತ್ರದಾಗ ಕತ್ತಲಾಗ ಒಬ್ಬನೇ ನಡೆದು ಹೋಗತಾನ. ನನ್ನ ಲೆಕ್ಕದಾಗ ಈ ಕಥೆಯೇ ಮೇಲು. ಇದು ಸಿಟ್ಟನ್ನ ಶೂರತನ ಅಂತ ಮೆರೆಸೂದಿಲ್ಲ, ಅಳು ಆಗಲಿಕ್ಕೆ ಬಿಡತದ.

ಮೊಹರಮ್ಮಿನಾಗ ಕರ್ಬಲಾ ಪದ ಹಾಡಾವ ನಾನು. ಕಾಳಗದ ನುಡಿ ಬಂದಾಗ ಮಂದಿ ಕುಣೀತಾರ, ಸಾವಿನ ನುಡಿ ಬಂದಾಗ ಕೂಡಿ ಅಳತಾರ. ಆ ಕತ್ತಲಾಗ ಪೀಟರನ ಕೂಡ ಅಳೋರು ಯಾರೂ ಇಲ್ಲ.

ಮಾಸ್ತರರೇ, ಅಪ್ಪನ್ನ ಕಳಕೊಂಡ ಹುಡುಗ ಸಾಲಿಯೊಳಗ ಹೊಡೆದಾಡಿದರ ನಮಗ ಸಿಟ್ಟೊಂದೇ ಕಾಣತದ. ಅವನ ಕೈಯಾಗಿನ ಚಿತ್ರಕಥೆ ಕಸಗೊಳ್ಳಬ್ಯಾಡ್ರಿ. ಬಾಜೂಕ ಕುಂತು ನೀವೂ ಓದ್ರಿ.