ಇಲ್ಲ ಅಂದ್ರೆ ಎಲ್ಲಿ ಇಲ್ಲ?

ಕಪ್ಪು ಪರದೆ ಮೇಲೆ ಕಮಾಂಡ್ ಹೊಡೆದು ಕೆಲಸ ಮಾಡೋರಿಗೆ ಒಂದು ಸಣ್ಣ ಗತ್ತು ಇರುತ್ತೆ. ನನಗೂ ಇದೆ. ಬ್ರೌಸರಿನಲ್ಲಿ ಹತ್ತು ಕಡೆ ಕ್ಲಿಕ್ ಮಾಡುವಷ್ಟರಲ್ಲಿ ಇಲ್ಲಿ ಒಂದೇ ಸಾಲಿಗೆ ಉತ್ತರ ಬಂದಿರುತ್ತೆ. ಆದರೆ ಕ್ಲೌಡಿನಲ್ಲಿ ನಮ್ಮದು ಏನೇನು ಓಡ್ತಿದೆ ಅಂತ ಹುಡುಕುವಾಗ ಈ ಟೂಲ್‌ಗಳ ಮೇಲೆ ನನ್ನದೊಂದು ತಕರಾರಿದೆ. ವೇಗದ ಬಗ್ಗೆ ಅಲ್ಲ, ಅವು ‘ಇಲ್ಲ’ ಅನ್ನುವ ರೀತಿಯ ಬಗ್ಗೆ.

ಅಮೆಜಾನಿನ ಎಡಬ್ಲ್ಯೂಎಸ್ ಸಿಎಲ್ಐ ತಗೊಳ್ಳಿ. ಸರ್ವರ್‌ಗಳ ಪಟ್ಟಿ ಕೇಳಿದರೆ ಅದು ನೋಡೋದು ಒಂದೇ ರೀಜನ್. ನಿಮ್ಮ ಸೆಟ್ಟಿಂಗಿನಲ್ಲಿ ಮುಂಬೈ ಇದ್ದರೆ ಮುಂಬೈ ಮಾತ್ರ. ಯಾರೋ ಟೆಸ್ಟಿಂಗಿಗೆ ಅಂತ ಶುರುಮಾಡಿ ಮರೆತ ಮೂರು ಮೆಷಿನ್‌ಗಳು ಸಿಂಗಾಪುರದಲ್ಲಿ ಬಿಲ್ ಏರಿಸುತ್ತಾ ಕೂತಿದ್ದರೂ ನಿಮಗೆ ಸಿಗೋದು ಖಾಲಿ ಪಟ್ಟಿ. ಎರರ್ ಇಲ್ಲ, ‘ಮುಂಬೈಯಲ್ಲಿ ಮಾತ್ರ ನೋಡಿದೆ’ ಅನ್ನುವ ಒಂದು ಸಾಲೂ ಇಲ್ಲ.

ನಮ್ಮೂರಲ್ಲಿ ದನ ತಪ್ಪಿಸಿಕೊಂಡಾಗ ಹುಡುಕೋಕೆ ಹೋದವನು ಬಂದು ಬರೀ ‘ಇಲ್ಲ’ ಅಂದರೆ ಬೈಸಿಕೊಳ್ಳುತ್ತಿದ್ದ. ‘ಕೆರೆ ಏರಿ ಮೇಲಿಲ್ಲ, ತೋಪಿನ ಕಡೆ ನೋಡಿಲ್ಲ’ ಅನ್ನಬೇಕು. ಆಗ ಇನ್ನೊಬ್ಬ ತೋಪಿಗೆ ಹೊರಡ್ತಾನೆ.

ಈ ವಿಷಯದಲ್ಲಿ ಕುಬರ್ನೆಟಿಸ್‌ನ ಕ್ಯೂಬ್‌ಕಂಟ್ರೋಲ್ ಕೊಂಚ ಮರ್ಯಾದಸ್ಥ. ಡಿಪ್ಲಾಯ್‌ಮೆಂಟ್ ಸಿಗದಿದ್ದರೆ ಯಾವ ನೇಮ್‌ಸ್ಪೇಸಿನಲ್ಲಿ ಸಿಗಲಿಲ್ಲ ಅಂತ ಹೆಸರು ಸಮೇತ ಹೇಳುತ್ತೆ. ಓದಿದ ತಕ್ಷಣ ತಪ್ಪು ಜಾಗದಲ್ಲಿ ಹುಡುಕ್ತಿದ್ದೀವಿ ಅಂತ ಹೊಳೆಯುತ್ತೆ. ಅದೇ ಉತ್ತರವನ್ನ ಸ್ಕ್ರಿಪ್ಟಿಗೆ ಬೇಕು ಅಂತ ಜೇಸನ್ ರೂಪದಲ್ಲಿ ಕೇಳಿ ನೋಡಿ: ಮತ್ತೆ ಖಾಲಿ ಪಟ್ಟಿ, ಎಕ್ಸಿಟ್ ಕೋಡ್ 0, ಅಂದರೆ ಎಲ್ಲ ಸರಿಯಾಗಿದೆ ಅಂತ! ಇನ್ನು ‘ಗೆಟ್ ಆಲ್’ ಕಮಾಂಡ್. ಹೆಸರಿನಲ್ಲಿ ‘ಆಲ್’ ಇದ್ದರೂ ಕಾನ್ಫಿಗ್‌ಮ್ಯಾಪ್, ಸೀಕ್ರೆಟ್, ಇನ್‌ಗ್ರೆಸ್ ಯಾವುದೂ ಅದರಲ್ಲಿ ಬರಲ್ಲ. ಖಾಲಿ ಇದೆ ಅಂತ ನಂಬಿ ನೇಮ್‌ಸ್ಪೇಸ್ ಅಳಿಸಿದರೆ ಒಳಗಿದ್ದ ಪಾಸ್‌ವರ್ಡುಗಳೂ ಜೊತೆಗೇ ಹೋಗುತ್ತವೆ.

2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ದೋಷ ಬಯಲಾದಾಗ ಟೀಮುಗಳ ಮುಂದಿದ್ದ ಮೊದಲ ಪ್ರಶ್ನೆ: ಈ ಲೈಬ್ರರಿ ಇರೋ ಇಮೇಜ್ ನಮ್ಮಲ್ಲಿ ಎಲ್ಲೆಲ್ಲಿ ಓಡ್ತಿದೆ? ಇದನ್ನ ಕ್ಯೂಬ್‌ಕಂಟ್ರೋಲ್‌ಗೆ ನೇರವಾಗಿ ಕೇಳೋಕಾಗಲ್ಲ. ಡಿಪ್ಲಾಯ್‌ಮೆಂಟ್‌ಗಳ ಫೀಲ್ಡ್ ಸೆಲೆಕ್ಟರ್‌ಗೆ ಹೆಸರು, ನೇಮ್‌ಸ್ಪೇಸ್ ಬಿಟ್ಟು ಬೇರೇನೂ ಅರ್ಥವಾಗಲ್ಲ. ಮೊದಲೇ ಲೇಬಲ್ ಹಾಕಿಟ್ಟಿದ್ದರೆ ಬಚಾವ್; ಇಲ್ಲದಿದ್ದರೆ ಎಲ್ಲವನ್ನೂ ಇಳಿಸಿಕೊಂಡು ಗ್ರೆಪ್ ಮಾಡಬೇಕು. ಅಲ್ಲಿ ಒಂದು ಕ್ಲಸ್ಟರ್ ಬಿಟ್ಟುಹೋಗಿ ‘ನಮ್ಮಲ್ಲಿಲ್ಲ’ ಅಂತ ಮೇಲೆ ಮೇಲ್ ಹೋಯಿತೋ, ಆ ಬಾಗಿಲು ತೆರೆದೇ ಇರುತ್ತೆ. ಯಾರೂ ಮತ್ತೆ ಹೋಗಿ ನೋಡಲ್ಲ.

ನನ್ನ ಸ್ಕ್ರಿಪ್ಟ್ ಈಗ ರೀಜನ್‌ಗಳ ಪಟ್ಟಿ ತರಿಸಿ ಒಂದೊಂದನ್ನೇ ಸುತ್ತುತ್ತೆ, ನೋಡಿದ ಜಾಗಗಳ ಹೆಸರು ಪ್ರಿಂಟ್ ಮಾಡುತ್ತೆ, ಏನೂ ಸಿಗದಿದ್ದರೆ ಎಕ್ಸಿಟ್ ಕೋಡ್ 1 ಕೊಡುತ್ತೆ. ಹದಿನೈದು ಸಾಲು, ಅಷ್ಟೇ. ಟೂಲ್ ಬರೆದವರಿಗೆ ಇದು ಒಂದು ಮಧ್ಯಾಹ್ನದ ಕೆಲಸ.