ವರ ಮತ್ತು ಬರೆ

ಚಿತ್ರಕಲಾ ವಿದ್ಯಾರ್ಥಿಯಾಗಿದ್ದಾಗ ನನಗೆ ಮಲಯಾಳ ಓದಲು ಬರುತ್ತಿರಲಿಲ್ಲ. ಎಂ.ಟಿ.ಯವರ 'ರಂಡಾಮೂಳಂ' 'ಕಲಾಕೌಮುದಿ'ಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾಲವದು. ನಾನು ಓದಿದ್ದು ನಂಬೂದಿರಿಯವರ (1925-2023) ರೇಖೆಗಳನ್ನು ಮಾತ್ರ.

ಪತ್ರಿಕೆಯ ಚಿತ್ರವೆಂದರೆ ಕಥೆಯ ಊಳಿಗ, ಕಲೆಯಲ್ಲ ಎಂಬುದು ನಮ್ಮ ಗುರುಗಳೊಬ್ಬರ ಮತ. ನಾನೂ ನಂಬಿದ್ದೆ. ಹಾಗಾದರೆ ನೆರಳು-ಬೆಳಕಿನ ನೆರವಿಲ್ಲದೆ ಬರಿಯ ಗೆರೆಯಲ್ಲೇ ಭೀಮನ ಭುಜಕ್ಕೆ ಅಷ್ಟು ಭಾರ ಬಂದುದು ಹೇಗೆ? ಉತ್ತರ ಸಿಕ್ಕಿದ್ದು ತರಗತಿಯಲ್ಲಲ್ಲ, ಊರಿನ ತೆಯ್ಯದ ಅಣಿಯರದಲ್ಲಿ. ಅಂಗಾತ ಮಲಗಿದವನ ಮುಖದ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ಎಳೆಯುವ ಗೆರೆಗೆ ಹಿಂಜರಿಕೆಯಿಲ್ಲ. ಮಲಯಾಳದಲ್ಲಿ ಅದು 'ಮುಖತ್ತೆಳುತ್ತ್', ಮುಖದ ಬರವಣಿಗೆ.

ನನ್ನದೊಂದು ತಕರಾರೂ ಇದೆ. ನಂಬೂದಿರಿಯವರ ನೀಳ ದೇಹಗಳ ಲಾಲಿತ್ಯದಲ್ಲಿ ಅವಮಾನಿತನೂ ಚೆಲುವನಾಗಿಬಿಡುತ್ತಾನೆ. ಭೀಮನ ನೋವು ತಿಳಿಯಲು ಕಥೆಯನ್ನೇ ಓದಬೇಕಾಯಿತು. ಅದಕ್ಕೆಂದೇ ಲಿಪಿ ಕಲಿತೆ.

ಮಲಯಾಳದ 'ವರ' ಎಂದರೆ ಗೆರೆ. ಕನ್ನಡದ 'ಬರೆ'ಗೆ ಚಿತ್ರವೂ ಸಲ್ಲುತ್ತದೆ, ಅಕ್ಷರವೂ ಸಲ್ಲುತ್ತದೆ. ಊಳಿಗವೆನಿಸಿಕೊಂಡ ಆ ಗೆರೆಯೇ ನನ್ನನ್ನು ನೆರೆಮನೆಯ ಸಾಹಿತ್ಯದ ಹೊಸ್ತಿಲು ದಾಟಿಸಿತು.